ಅಮ್ಮ ಬಂದವ್ಳೆ ಎಂದು ಕೈ ಮುಗಿದರು

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ನಮ್ಮ ಮಗಳು ಪವಿತ್ರಳ ನಿಶ್ಚಯದ ಶಾಸ್ತ್ರವನ್ನು ಮನೆಯಲ್ಲೇ ಇಟ್ಟುಕೊಂಡಿದ್ದೆವು. ನಮ್ಮದು ಕೆ.ಆರ್. ನಗರ ತಾಲ್ಲೂಕು, ಭೇರ್ಯದ ಹತ್ತಿರದ ಹಳ್ಳಿ. ನಾಲೆ ನೀರಿನ ಗದ್ದೆ, ಹಟ್ಟಿಯಲ್ಲಿ ಹಸು, ಊಟಕ್ಕೆ ಕೊರತೆಯಿಲ್ಲ. ಗಂಡಿನ ಕಡೆಯವರು ಹನಗೋಡಿನವರು. ಹುಡುಗ ಹುಣಸೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಪವಿತ್ರಳಿಗೆ ಅವನು ಮನಸಾರೆ ಇಷ್ಟವಾಗಿದ್ದ. ಇಂಥ ಒಳ್ಳೆ ದಿನವನ್ನು ನೆನೆದರೆ ತಾಯಿಯಾದವಳಿಗೆ ಸಂತೋಷವಾಗಬೇಕು. ನನಗೆ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ.

ಅದಕ್ಕೂ ಮುಂಚಿನಿಂದಲೇ ನನ್ನ ಬಲಗೈ ನಡುಗುತ್ತಿತ್ತು. ಸುಮ್ಮನೆ ಕೂತಿದ್ದರೂ ಹೆಬ್ಬೆರಳು, ತೋರುಬೆರಳು ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದವು. ಮೈಸೂರಿನ ಡಾಕ್ಟರು ನೋಡಿ, ಇದು ಪಾರ್ಕಿನ್ಸನ್ ಅನ್ನುವ ಕಾಯಿಲೆ, ಪೂರ್ತಿ ವಾಸಿಯಾಗುವುದಿಲ್ಲ, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿದರೆ ಹಿಡಿತದಲ್ಲಿರುತ್ತದೆ ಎಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ನಮ್ಮ ಯಜಮಾನರು ಕಿಟಕಿ ಕಡೆ ನೋಡುತ್ತಾ ಒಂದೇ ಮಾತು ಹೇಳಿದರು.

“ಮಗಳ ಮದ್ವೆ ಆಗೋಗಂಟ ಯಾರ್ ಮುಂದ್ಲೂ ಬಾಯ್ ಬುಡ್ಬ್ಯಾಡ ಕಣೆ. ತಾಯಿಗಿದ್ರೆ ಮಗಳ್ಗೂ ಬತ್ತದೆ ಅಂದ್ಬುಡ್ತಾರೆ.”

ಹೂಂ ಅಂದೆ. ಅವರಿಗಿಂತ ನನಗೇ ಹೆಚ್ಚು ನಾಚಿಕೆಯಿತ್ತು.

ಅವತ್ತಿನಿಂದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಬದುಕಿದೆ. ಯಾರ ಮನೆಯ ಆರತಿಗೂ ಹೋಗಲಿಲ್ಲ, ಪಂಕ್ತಿಯಲ್ಲಿ ಕೂತು ಉಣ್ಣಲಿಲ್ಲ. ಈ ಕಾಯಿಲೆಯಲ್ಲಿ ಮುಖವೂ ಬಿಗಿದುಕೊಳ್ಳುತ್ತದೆ, ಒಳಗೆ ನಗು ಬಂದರೂ ಹೊರಗೆ ಕಾಣುವುದಿಲ್ಲ. “ಅಳಿಯ ಗೊತ್ತಾದ್ಮೇಲೆ ಎಷ್ಟು ಜಂಬ ಬಂದದೆ ನೋಡು, ನಗಾಕೂ ಕಾಸು ಕೇಳ್ತಾಳೆ” ಎಂದು ಪಕ್ಕದ ಮನೆಯವಳು ಕೊಳಾಯಿ ಹತ್ತಿರ ಆಡಿಕೊಂಡಳು. ಮೊದಲಿನ ನಾನಾಗಿದ್ದರೆ ಅವಳ ಬಿಂದಿಗೆ ಅಲ್ಲೇ ಉರುಳಿಸಿ ಬರುತ್ತಿದ್ದೆ. ಜಂಬ ಅಂದುಕೊಂಡರೆ ಅಂದುಕೊಳ್ಳಲಿ, ಕಾಯಿಲೆ ಅನ್ನದಿದ್ದರೆ ಸಾಕು ಎಂದು ನೀರು ಹೊತ್ತುಕೊಂಡು ಬಂದೆ.

ನಿಶ್ಚಯದ ದಿನ ಎಲ್ಲ ಲೆಕ್ಕ ಹಾಕಿಯೇ ಮಾತ್ರೆ ನುಂಗಿದ್ದೆ. ಕಾಫಿ ಕೊಡುವುದು, ಬಡಿಸುವುದು ನಾದಿನಿ ಜಯಮ್ಮನ ಪಾಲಿಗೆ. ನಾನು ಕುಂಕುಮ ಕೊಟ್ಟು ಕೂತುಬಿಟ್ಟರೆ ಮುಗಿಯಿತು. ಆದರೆ ಬೀಗರು ರಾಹುಕಾಲ ಕಳೆಯಲಿ ಎಂದು ಊರಾಚೆಯ ಅರಳಿಕಟ್ಟೆಯಲ್ಲೇ ಗಾಡಿ ನಿಲ್ಲಿಸಿಕೊಂಡು ಕೂತುಬಿಟ್ಟರು. ಅವರು ಬಂದು ಕಾಲು ತೊಳೆದು ಒಳಗೆ ಕೂರುವ ಹೊತ್ತಿಗೆ ಮಾತ್ರೆಯ ಶಕ್ತಿ ಇಳಿದುಹೋಗಿತ್ತು. ಅಷ್ಟು ಜನರ ಎದುರಿಗೆ ಇನ್ನೊಂದು ನುಂಗಲು ಧೈರ್ಯ ಬರಲಿಲ್ಲ.

ಕಳಶದ ಮುಂದೆ ಹುಡುಗನ ತಾಯಿ ಕೂತಿದ್ದರು. ನಾನು ಬೆರಳಿಗೆ ಕುಂಕುಮ ತೆಗೆದುಕೊಂಡು ಅವರ ಹಣೆಗೆ ಇಡಲು ಹೋದೆ. ಕೈ ಮಾತು ಕೇಳಲಿಲ್ಲ. ಕುಂಕುಮ ಹಣೆ ಬಿಟ್ಟು ಮೂಗಿನ ಮೇಲೆ, ರೇಷ್ಮೆ ಸೀರೆಯ ಮೇಲೆ ಚೆಲ್ಲಿತು. ತಡೆಯಲು ಹೋದಷ್ಟೂ ನಡುಕ ಹೆಚ್ಚಾಗಿ ತೋಳು, ಕತ್ತು ಎಲ್ಲ ಅಲುಗತೊಡಗಿದವು. ಹನಗೋಡಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಇದೇನ್ ಇಂಗೆ? ಲಕ್ವಾನಾ?” ಎಂದು ಯಾರೋ ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು.

ಅಷ್ಟರಲ್ಲಿ ಹುಡುಗನ ಅಜ್ಜಿ, ಅವನ ತಂದೆಯ ತಾಯಿ, ಗೋಡೆ ಹಿಡಿದು ಎದ್ದು ನಿಂತು ಕೂಗಿದರು.

“ಅಯ್ಯೋ, ಅಮ್ಮ ಬಂದವ್ಳೆ ಕಣ್ರಲಾ! ಮನೆದೇವ್ರು ಮೈಮ್ಯಾಲೆ ಬಂದವ್ಳೆ! ಕರ್ಪೂರ ಅಚ್ರಿ!”

ನಮ್ಮ ಕಡೆ ಶುಭಕಾರ್ಯಗಳಲ್ಲಿ ಹೆಂಗಸರ ಮೈಮೇಲೆ ದೇವರು ಬರುವುದು ಹೊಸದೇನಲ್ಲ. ಒಂದು ಗಳಿಗೆಯಲ್ಲಿ ಇಡೀ ಮನೆಯೇ ಬದಲಾಗಿಹೋಯಿತು. ಯಾರೋ ನನ್ನ ಜಡೆ ಬಿಚ್ಚಿದರು, ಯಾರೋ ಕೈಗೆ ಬೇವಿನ ಸೊಪ್ಪು ಕೊಟ್ಟರು. ಹುಡುಗನ ತಾಯಿ ಮೂಗಿನ ಮೇಲಿನ ಕುಂಕುಮವನ್ನೂ ಒರೆಸಿಕೊಳ್ಳದೆ ಕೈ ಮುಗಿದು, “ತಾಯೀ, ಈ ಸಂಬಂಧ ನಿಂಗೆ ಒಪ್ಗೆ ಇದ್ರೆ ಕಳಸದ ಊವ ಕೊಡವ್ವ” ಎಂದು ಸೆರಗೊಡ್ಡಿದರು.

ನಾನು ಯಜಮಾನರ ಮುಖ ನೋಡಿದೆ. ಅವರು ಕಣ್ಣಲ್ಲೇ ಕೊಡು ಅಂದರು. ಬಾಯಿ ಬಿಟ್ಟರೆ ಮಗಳ ಸಂಬಂಧ ಮುರಿಯುತ್ತದೆ, ಹೂವು ಕೊಟ್ಟರೆ ನಿಲ್ಲುತ್ತದೆ. ನಡುಗುವ ಕೈಯಲ್ಲೇ ಕಳಶದ ಸೇವಂತಿಗೆ ಕಿತ್ತು ಕೊಟ್ಟೆ.

ಎಲ್ಲರೂ ಸಾಲಾಗಿ ನನ್ನ ಕಾಲಿಗೆ ಬಿದ್ದರು. ಪವಿತ್ರಳನ್ನೂ ಎಳೆದು ತಂದು ಬೀಳಿಸಿದರು. ದಿನಾ ಬೆಳಿಗ್ಗೆ ನನ್ನ ಅಂಗೈಗೆ ಮಾತ್ರೆ ಇಟ್ಟು ನೀರು ಕುಡಿಸುವ ಹುಡುಗಿ ಅವಳು. ನನ್ನ ಪಾದಕ್ಕೆ ಹಣೆ ಮುಟ್ಟಿಸಿ ತಲೆಯೆತ್ತಿ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅಮ್ಮ ಇಷ್ಟಕ್ಕೆ ಇಳಿದಳಲ್ಲ ಎಂಬ ಮರುಕವಿತ್ತು. ನಾಚಿಕೆಯಿಂದ ಭೂಮಿಗೆ ಇಳಿದುಹೋದೆ.

ಅಮ್ಮ ಶಾಂತಳಾಗಲಿ ಎಂದು ಜಯಮ್ಮ ನನ್ನನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಚಾಪೆಯ ಮೇಲೆ ಕೂರಿಸಿ ಹೋದಳು. ಹಿಂದೆಯೇ ಆ ಅಜ್ಜಿ ಬಂದು ಬಾಗಿಲು ಹಾಕಿಕೊಂಡರು. ನನ್ನ ಪಕ್ಕದಲ್ಲಿ ಕೂತು, ನಡುಗುವ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

“ಎಷ್ಟು ದಿನದಿಂದ ಅದೆ ಮಗ, ಈ ಕಾಯ್ಲೆ?”

ಕೈಯನ್ನು ಎಳೆದುಕೊಳ್ಳಲು ನೋಡಿದೆ, ಅವರು ಬಿಡಲಿಲ್ಲ.

“ನಮ್ಮನೆಯೋರ್ಗೂ ಇಂಗೇ ಇತ್ತು. ಒಗೆಸೊಪ್ಪು ತಿಕ್ಕೋ ಅಂಗೆ ಬೆರಳಾಡೋದು. ನೋಡಿದ್ ತಕ್ಷಣ ಗೊತ್ತಾಯ್ತು. ಮರ್ವಾದೆ ಉಳೀಲಿ ಅಂತ ಅಮ್ಮ ಬಂದವ್ಳೆ ಅಂತ ಕೂಗ್ಬುಟ್ಟೆ.”

“ನಿಮ್ಮ ಯಜಮಾನ್ರಿಗೂ ದೇವ್ರು ಅಂದ್ರಾ ಅತ್ತೆ?”

“ಗಂಡಸು ನಡುಗುದ್ರೆ ಯಾರವ್ವ ದೇವ್ರು ಅಂತಾರೆ? ಕುಡುಕ ಅಂದ್ರು. ನನ್ ಮಗನೇ ನಂಬ್ಬುಟ್ಟ. ಅಪ್ಪ ಕದ್ದು ಕುಡೀತಾನೆ, ನೆಂಟ್ರ ಮುಂದೆ ಮಾನ ಹೋಯ್ತದೆ ಅಂತ ಕೊಟ್ಗೇಲಿ ಮಂಚ ಹಾಕ್ಸ್ದ. ಅಲ್ಲೇ ಇದ್ದು ಅಲ್ಲೇ ಸತ್ರು.”

ಆಗ ಪವಿತ್ರ ಬಾಗಿಲು ತಳ್ಳಿಕೊಂಡು ಬಂದಳು. ಕೈಯಲ್ಲಿ ಮಾತ್ರೆಯ ಹಾಳೆ, ನೀರಿನ ಲೋಟ. ಅಜ್ಜಿಯನ್ನು ಕಂಡು ಮಾತ್ರೆ ಬಚ್ಚಿಡಲು ಹೋದವಳು, ಅವರು ನನ್ನ ತಲೆ ಸವರಿದ್ದು ನೋಡಿ ಅಲ್ಲೇ ಕೂತು ಅತ್ತುಬಿಟ್ಟಳು.

“ಅಮ್ಮ, ನೀನು ನಾಳೆ ನನ್ ಗಂಡನ ಮನೆಗೆ ಬಂದಾಗೆಲ್ಲ ನಾನು ದೇವ್ರು ಬತ್ತದೆ ಅಂತ ಸುಳ್ಳು ಹೇಳ್ಕೊಂಡೇ ಬಾಳ್ಬೇಕಾ? ನಿನ್ನ ಬಚ್ಚಿಟ್ಟು ನಾನು ಮದ್ವೆ ಆಗಲ್ಲ, ಹೋಗು.”

ಮಾತ್ರೆ ನುಂಗಿದೆ. ಬಿಚ್ಚಿದ ಕೂದಲನ್ನು ಹಾಗೇ ಗಂಟು ಹಾಕಿಕೊಂಡು ನಡುಮನೆಗೆ ಬಂದೆ. ನನ್ನನ್ನು ಕಂಡು ಎಲ್ಲರೂ ಮತ್ತೆ ಎದ್ದು ನಿಂತರು.

“ಕೂತ್ಕೊಳ್ಳಿ. ನನ್ ಮೈಮೇಲೆ ಯಾವ ದೇವ್ರೂ ಬಂದಿಲ್ಲ. ಇದು ಪಾರ್ಕಿನ್ಸನ್ ಅನ್ನೋ ನರದ ಕಾಯ್ಲೆ. ಮುಚ್ಚಿಟ್ಟಿದ್ದು ನಮ್ದು ತಪ್ಪು. ದೇವ್ರ ಹೆಸರಲ್ಲಿ ಹೂ ಕೊಟ್ಟಿದ್ದು ಅದಕ್ಕಿಂತ ತಪ್ಪು. ಸಂಬಂಧ ಬ್ಯಾಡ ಅಂದ್ರೆ ನಾವೇನೂ ಅನ್ನಲ್ಲ.”

ಕಾಯಿಲೆಯಿಂದ ನನ್ನ ದನಿ ಸಣ್ಣದಾಗಿತ್ತು. ಆದರೂ ಅವತ್ತು ಎಲ್ಲರಿಗೂ ಕೇಳಿಸಿತು. “ಸುಮ್ಕಿರೇ, ಮಾನಗೆಟ್ಟೋಳೆ!” ಎಂದು ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತರು. ಹುಡುಗನ ತಾಯಿ ಸೆರಗಿನಲ್ಲಿದ್ದ ಹೂವನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡಿದ್ದರು. ಪವಿತ್ರ ನನ್ನ ಪಕ್ಕಕ್ಕೆ ಬಂದು ನಿಂತಳು.

ಬೀಗರು, ಹುಡುಗನ ತಂದೆ, ಮಾತ್ರ ನನ್ನ ಕೈಯನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು.

“ಇದ್ಕೆ ಮಾತ್ರೆ ಅದಾ?”

“ಅದೆ ಅಣ್ಣ. ಪೂರ್ತಿ ವಾಸಿ ಆಗಲ್ಲ. ಆದ್ರೆ ತಗಂಡ್ರೆ ಕೈಯಲ್ಲಿ ಅನ್ನ ಕಲಸಿ ತಿನ್ಬೋದು, ಓಡಾಡ್ಬೋದು.”

ಪವಿತ್ರಳ ಕೈಯಲ್ಲಿದ್ದ ಮಾತ್ರೆಯ ಹಾಳೆಯನ್ನು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ ತಾಯಿಯ ಕಡೆ ತಿರುಗಿದರು.

“ಅವ್ವ, ಅಪ್ಪ ಕುಡೀತಿರ್ಲಿಲ್ವಾ?”

“ಒಂದು ತೊಟ್ಟೂ ಮುಟ್ಟಿರ್ಲಿಲ್ಲ ಕಣಪ್ಪ. ನಾ ಯೋಳುದ್ರೆ ನೀ ಎಲ್ಲಿ ನಂಬ್ದೆ?”

ಅಷ್ಟು ದೊಡ್ಡ ಮನುಷ್ಯ ಹೆಗಲ ಮೇಲಿನ ಟವಲ್ಲನ್ನು ಬಾಯಿಗೆ ಒತ್ತಿಕೊಂಡು ಜಗಲಿಗೆ ಎದ್ದು ಹೋದರು. ಹುಡುಗ ಅವರ ಹಿಂದೆ ಹೋದ. ಅವರು ಒಳಗೆ ಬಂದಾಗ ಕಣ್ಣು ಕೆಂಪಾಗಿತ್ತು. “ಎಲೆ ಅಡಿಕೆ ತಟ್ಟೆ ತತ್ತವ್ವ, ಶಾಸ್ತ್ರ ಮುಗಿಸ್ಮ” ಎಂದರು, ಅಷ್ಟೇ.

ಬೇಸಿಗೆಯಲ್ಲಿ ಮದುವೆಯಾಯಿತು. ಧಾರೆಗೆ ನಿಂತಾಗ ನನ್ನ ಕೈ ಎಲ್ಲರಿಗೂ ಕಾಣುವಂತೆ ನಡುಗಿತು, ಹಾಲು ಅಳಿಯನ ಪಂಚೆಗೂ ಬಿತ್ತು. ಏನಾಗಿದೆ ಎಂದು ಕೇಳಿದವರಿಗೆಲ್ಲ ಬೀಗರೇ ಮುಂದೆ ಬಂದು, “ಕಾಯ್ಲೆ ಕಣ್ರೀ. ನಮ್ಮಪ್ಪಂಗೂ ಇದೇ ಇತ್ತು” ಎಂದು ಹೇಳುತ್ತಿದ್ದರು. ಹಾಗೆ ಹೇಳುವಾಗೆಲ್ಲ ಅವರ ತಲೆ ತಗ್ಗುತ್ತಿತ್ತು. ಪಾಪ, ಅವರ ನಾಚಿಕೆ ಕಳೆಯಲು ಯಾವ ಮಾತ್ರೆಯಿದೆ?

ನಡುಗುವ ಕೈಯನ್ನು ನಾನೀಗ ಸೆರಗಿನೊಳಗೆ ಇಟ್ಟುಕೊಳ್ಳುವುದಿಲ್ಲ. ಪಂಕ್ತಿಯಲ್ಲಿ ಕೂರುತ್ತೇನೆ, ಅನ್ನ ಚೆಲ್ಲುತ್ತದೆ, ಚೆಲ್ಲಲಿ ಬಿಡಿ. ಆದರೆ ಹಬ್ಬಕ್ಕೆ ಬಂದ ಪವಿತ್ರ ನಮಸ್ಕಾರ ಮಾಡಲು ಬಗ್ಗಿದರೆ ಮಾತ್ರ, ಇವತ್ತಿಗೂ ನನ್ನ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇನೆ.