ಚೇತನಾ ಬಿಗಿದ ನೂಲು

ಇಳಕಲ್ಲಿನ ಮಗ್ಗದ ಮನೆಯ ಚೇತನಾಗೆ ಧೈರ್ಯವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಹುನಗುಂದದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವಳು 2006ರಲ್ಲಿ ಪಿಎಚ್‌.ಡಿ. ಸಂದರ್ಶನಕ್ಕೆಂದು ಬಾಗಲಕೋಟೆಗೆ ಹೊರಟಳು. ಇದ್ದ ಸೀಟು ಒಂದೇ, ಬಂದವರು ಹದಿನಾಲ್ಕು ಮಂದಿ. ಉಳಿದ ಹದಿಮೂರು ಜನ ಯಾಕಾದರೂ ಬಸ್ ಚಾರ್ಜು ದಂಡ ಮಾಡಿಕೊಂಡರೋ ಎಂದು ಅವಳಿಗೆ ಪಾಪ ಅನ್ನಿಸಿತು.

ಅವಳು ಆರಿಸಿಕೊಂಡ ವಿಷಯ ಹೊಸದು. ಕೆಲವು ಲೋಹಗಳನ್ನು ತೀರ ತಣ್ಣಗಾಗಿಸಿದರೆ ವಿದ್ಯುತ್ತು ತಡೆಯೇ ಇಲ್ಲದೆ ಹರಿಯುತ್ತದೆ. ಅಂಥ ಲೋಹದ ಪುಟ್ಟ ಸರ್ಕ್ಯೂಟು ಪರಮಾಣುವಿನಂತೆಯೇ ನಡೆದುಕೊಳ್ಳುತ್ತದೆ. ಅದರ ಪಕ್ಕದಲ್ಲಿ ಕಣ್ಣಿಗೆ ಕಾಣದ ಬೆಳಕಿನ ಒಂದೇ ಒಂದು ಕಣವನ್ನು ಕೂಡಿಹಾಕಿದರೆ, ಶಕ್ತಿ ಸೋರಿಹೋಗುವ ಮೊದಲು ಎರಡರ ನಡುವೆ ಹಲವು ಸಲ ಓಡಾಡುತ್ತದೆ. ಈ ಬಲವಾದ ನಂಟನ್ನು ತೋರಿಸಲು ಚೇತನಾ ಪರೀಕ್ಷಕರ ಮೇಜಿನ ಮೇಲೆ ಎರಡು ಗೂಟಗಳ ನಡುವೆ ನೂಲನ್ನು ಜೋಲುಬಿಟ್ಟು ಕಟ್ಟಿ, ಅದರಿಂದ ಒಂದೇ ಅಳತೆಯ ಎರಡು ಗುಂಡು ಇಳಿಬಿಟ್ಟಳು. ಒಂದನ್ನು ತೂಗಿದರೆ ಅದು ನಿಂತು ಇನ್ನೊಂದು ತೂಗಬೇಕು, ತೂಗಾಟ ಮತ್ತೆ ಮೊದಲಿನದಕ್ಕೆ ಮರಳಬೇಕು.

ಮೊದಲ ಗುಂಡು ತೂಗಿತು. ಎರಡನೆಯದು ತುಸು ಮಿಸುಕಿತು, ಅಷ್ಟೇ. ಪರೀಕ್ಷಕರೊಬ್ಬರು ಗಡಿಯಾರ ನೋಡಿಕೊಂಡರು. ಚೇತನಾ ಗೂಟಗಳತ್ತ ಬಾಗಿದಳು. ಮುಟ್ಟಿ ನೋಡಿದರೆ ನೂಲು ಬಿಗಿಯಾಗಿತ್ತು. ನೂಲು ಬಿಗಿದಷ್ಟೂ ತೂಗಾಟ ಒಂದರಿಂದ ಇನ್ನೊಂದಕ್ಕೆ ದಾಟುವುದು ಕಡಿಮೆ. ಜೋಲುಬಿಟ್ಟು ಕಟ್ಟಿದ್ದ ನೂಲನ್ನು, ಬಾಯಿ ವಿಷಯ ವಿವರಿಸುತ್ತಿದ್ದಾಗ, ಅವಳ ಬೆರಳುಗಳೇ ಎಳೆದು ಬಿಗಿದುಬಿಟ್ಟಿದ್ದವು. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನಲ್ಲಿ ಒಂದು ಎಳೆ ಸಡಿಲ ಕಂಡರೂ ಅವ್ವ ಗುರುಲಿಂಗವ್ವ ಬೈದು ಬೈದು ಬೆಳೆಸಿದ ಬೆರಳುಗಳವು. ಹುಟ್ಟುಗುಣ ಸುಟ್ಟರೂ ಹೋಗದು.

ಗಂಟು ಸಡಿಲಿಸಿ ಮತ್ತೆ ತೂಗಿದಳು. ತೂಗಾಟ ಅತ್ತಿಂದಿತ್ತ ಏಳು ಸಲ ಓಡಾಡಿ ಆಮೇಲೆ ನಿಂತಿತು.

ಹಿರಿಯ ಪರೀಕ್ಷಕ ಬಂದೇನವಾಜರು ಮುಂದಕ್ಕೆ ಬಾಗಿದರು. "ಮೊದಲ ದುರ್ಬಲ ನಂಟು, ಆಮ್ಯಾಲೆ ಬಲವಾದದ್ದು. ಎರಡೂ ತೋರ್ಸಬೇಕಂತನ ಹಿಂಗ ಮಾಡಿದ್ರೇನು?"

ಹೌದೆಂದರೆ ಸೀಟು ಕೈಗೆ ಬಂದಂತೆಯೇ. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು.

"ಇಲ್ರಿ ಸರ. ತಪ್ಪು ನಂದ. ನಮ್ಮದು ಮಗ್ಗದ ಮನಿ, ಸಡಲ ಎಳಿ ಕಂಡ್ರ ಕೈ ಸುಮ್ಮನಿರಂಗಿಲ್ರಿ."

ಬಂದೇನವಾಜರು ಪೆನ್ನು ಕೆಳಗಿಟ್ಟರು. "ಹೌದು ಅಂದಿದ್ರ ನಂಬತಿದ್ದೆ. ಈಗ ನೀವು ನಾಳೆ ತರೋ ಅಂಕಿ-ಸಂಖ್ಯೆನೂ ನಂಬತೇನಿ. ಯಾವಾಗಿಂದ ಬರ್ತೀರಿ?"

ಚೇತನಾಳ ಕಣ್ಣು ತುಂಬಿ ಬಂದವು. ಸೋಮವಾರದಿಂದಲೇ ಬರುವುದಾಗಿ ಹೇಳಿದಳು.