ಒಂದು ವರ್ಷದ ಅಕ್ಕ

ಕಾಲೇಜು ಸೇರುವ ಮುನ್ನ ಒಂದು ವರ್ಷ ಸೇವೆ ಮಾಡುತ್ತೇವೆಂದು ಪರದೇಶದಿಂದ ನಮ್ಮ ಅಂಧ ಮಕ್ಕಳ ಹಾಸ್ಟೆಲಿಗೆ ಬರುವವರನ್ನು ಹನ್ನೆರಡು ವರ್ಷದಿಂದ ಇದೇ ಅಡುಗೆಮನೆಯಲ್ಲಿ ನಿಂತು ನೋಡುತ್ತಿದ್ದೇನೆ. ಈ ಸಲದ ಹುಡುಗಿಯಂಥವಳನ್ನು ಮಾತ್ರ ಕಂಡಿರಲಿಲ್ಲ. ಬೆನ್ನ ಮೇಲೆ ತನಗಿಂತ ದೊಡ್ಡ ಚೀಲ, ಬಾಯಲ್ಲಿ ನಮ್ಮ ಭಾಷೆಯ ಒಂದೇ ಮಾತು: "ನಾನ್ ಮಾಡ್ಲಾ?" ಈರುಳ್ಳಿ ಹೆಚ್ಚಿದರೂ ಅದೇ, ನೆಲ ಒರೆಸಿದರೂ ಅದೇ, ಕೊನೆಗೆ ನಾನು ಸೀನಿದರೂ ಅದೇ. ಬಂದ ಮರುದಿನವೇ ಯಾರನ್ನೂ ಕೇಳದೆ ಊಟದ ಕೋಣೆಯ ಮೇಜು ಕುರ್ಚಿಗಳನ್ನೆಲ್ಲ ಎಳೆದಾಡಿ ಚೆಂದವಾಗಿ ಜೋಡಿಸಿಟ್ಟಳು. ಹೆಜ್ಜೆ ಎಣಿಸಿಕೊಂಡು ಓಡಾಡುವ ಮಕ್ಕಳು ಮಧ್ಯಾಹ್ನ ಊಟಕ್ಕೆ ಬಂದವರು ದಡಬಡನೆ ಬಿದ್ದರು. "ಇಲ್ಲಿ ಕುರ್ಚಿ ಒಂದಿಂಚೂ ಅಲ್ಲಾಡಬಾರದು ಕಣೇ!" ಎಂದು ಕೂಗಾಡಿದೆ. ಗಳಗಳನೆ ಅತ್ತಳು, ಇನ್ನು ಗಂಟುಮೂಟೆ ಕಟ್ಟುತ್ತಾಳೆ ಅಂದುಕೊಂಡೆ. ಸಂಜೆ ನೋಡಿದರೆ ಕಣ್ಣಿಗೆ ಟವೆಲ್ ಬಿಗಿದುಕೊಂಡು, ಒಂದು, ಎರಡು ಎಂದು ಎಣಿಸುತ್ತ ಬಾಗಿಲಿಂದ ಮೇಜಿನವರೆಗೆ ನಡೆಯುತ್ತಿದ್ದಳು. ಅಂದಿನಿಂದ ದಿನಾ ಇದೇ ಅಭ್ಯಾಸ, ಮೊಣಕಾಲೆಲ್ಲ ನೀಲಿಗಟ್ಟಿವೆ. "ಸಾಕು ಬಿಡೇ ತಾಯಿ" ಎಂದರೆ, ಹೊಸದಾಗಿ ಕಲಿತ ಎರಡನೇ ಮಾತನ್ನು ಹೇಳುತ್ತಾಳೆ: "ಇನ್ನೊಂದೇ ಸಲ, ಆಂಟಿ." ನಿನ್ನೆ ಅವಳು ಹಾಗೆ ತಡವರಿಸುತ್ತ ಬರುವುದನ್ನು ಹೆಜ್ಜೆಯ ಸದ್ದಿನಲ್ಲೇ ಗುರುತಿಸಿದ ಪುಟ್ಟ ಹುಡುಗಿಯೊಬ್ಬಳು ಊಟ ಬಿಟ್ಟು ಎದ್ದಳು, ತಾನು ಕೂತಿದ್ದ ಕುರ್ಚಿಯನ್ನು ಮೆಲ್ಲಗೆ ಮೇಜಿನಡಿ ತಳ್ಳಿ, ಪಕ್ಕದವಳಿಗೆ ಪಿಸುಗುಟ್ಟಿದಳು: "ಜಾಗ ಬಿಡೇ, ಅಕ್ಕ ಬರ್ತಿದಾಳೆ. ಪಾಪ, ಅವಳಿಗೆ ಕಾಣಲ್ಲ."