ರಿಯಾಯಿತಿ ಪತ್ರದ ಮೇಲಿನ ವಿಭೂತಿ

ಶಿವರುದ್ರಪ್ಪನ ಮನೆಯ ದೇವರ ಜಗಲಿಯಲ್ಲಿ, ಬಸವಣ್ಣನ ಪಟದ ಪಕ್ಕ, ಇಪ್ಪತ್ತೊಂದು ಪತ್ರಗಳ ಕಟ್ಟೊಂದಿತ್ತು. ಎಲ್ಲವೂ ಗಾಡಿಯ ಇನ್ಶೂರೆನ್ಸಿನವರು ವರ್ಷಕ್ಕೊಂದರಂತೆ ಕಳಿಸಿದವು. ಇಪ್ಪತ್ತೊಂದು ವರ್ಷದಲ್ಲಿ ಒಂದು ಕ್ಲೇಮಿಲ್ಲ, ಒಂದು ಗೀರಿಲ್ಲ, ಅದಕ್ಕಾಗಿ ರಿಯಾಯಿತಿ. ಪತ್ರ ಬಂದ ದಿನ ಅವನು ಸ್ನಾನ ಮಾಡಿ, ಮೂರು ಬೆರಳಿಗೆ ವಿಭೂತಿ ಹಚ್ಚಿಕೊಂಡು ಕಾಗದದ ನಡುಮಧ್ಯೆ ಅಡ್ಡಕ್ಕೆ ಎಳೆದು ಕಟ್ಟಿಗೆ ಸೇರಿಸುತ್ತಿದ್ದ. ಓದುವ ಗೋಜಿಗೆ ಹೋದವನಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಅಷ್ಟು ಇಂಗ್ಲಿಷು ಎಲ್ಲಿಂದ ಬರಬೇಕು? ಮೇಲೆ ತನ್ನ ಹೆಸರು, ಕೆಳಗೆ ರಿಯಾಯಿತಿಯ ಅಂಕಿ ಕಂಡರೆ ಮುಗಿಯಿತು.

ಗದಗಿನವನು. ಹೋಟೆಲಿನ ಅಡುಗೆಯವನಾಗಿ ಪರದೇಶಕ್ಕೆ ಬಂದು, ಈಗ ಮಿಲ್ಪಿಟಾಸ್ ಎಂಬ ಊರಿನಲ್ಲಿ ಬಾಡಿಗೆಯ ಅಡುಗೆಮನೆ ಹಿಡಿದು ಜೋಳದ ರೊಟ್ಟಿಯ ಊಟ ತಯಾರಿಸಿ ಮನೆಮನೆಗೆ ಮುಟ್ಟಿಸುತ್ತಾನೆ. ಸಿಟ್ಟಿನ ಮನುಷ್ಯ. ಫ್ರೀವೇಯಲ್ಲಿ ಯಾರಾದರೂ ಅಡ್ಡ ನುಗ್ಗಿದರೆ ಕಿಟಕಿಯ ಗಾಜು ಏರಿಸಿಕೊಂಡು ಅವರ ಏಳು ತಲೆಮಾರು ಬೈಯುತ್ತಾನೆ. ಆದರೆ ಬೈಯುವಾಗಲೂ ಕಾಲು ಬ್ರೇಕಿನ ಮೇಲೆಯೇ ಇರುತ್ತದೆ.

ರೊಟ್ಟಿ ಬಡಿಯುವವಳು ಹೆಂಡತಿ ವಿಜಯಶ್ರೀ. ದಿನಕ್ಕೆ ಇನ್ನೂರು. ಅವಳು ಗಂಡನಿಗೆ ಹೇಳದೆ ಕೇಳದೆ ಓದಿಕೊಂಡು, ಬರೆಯುವ ಪರೀಕ್ಷೆ ಪಾಸು ಮಾಡಿ, ಡ್ರೈವಿಂಗ್ ಕಲಿಯುವ ಪರ್ಮಿಟ್ಟು ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.

"ಇದೇನು?" ಅಂದ ಶಿವರುದ್ರಪ್ಪ.

"ಕಾಣಂಗಿಲ್ಲೇನು? ನನ್ನ ಫೋಟೋ ಐತಿ."

"ನಿನಗ್ಯಾಕ ಬೇಕ ಇದು?"

"ನಾ ಬಡದ ರೊಟ್ಟಿ ಡ್ಯಾನ್‌ವಿಲ್ ನೋಡ್ಯಾವ, ಎಮರಿವಿಲ್ ನೋಡ್ಯಾವ. ನಾ ನೋಡಿಲ್ಲ. ನೀವು ವ್ಯಾನಿನಾಗ ಡಬ್ಬಿ ತುಂಬತೀರಿ, ನನಗ ಜಾಗ ಇಲ್ಲ ಅಂತೀರಿ. ಅದಕ್ಕ, ಹೊಡಿಯೂ ಸೀಟು ಸಾಕು ನನಗ."

ಅವನು ಸಿಡಿದ. ಕಾರಣವಿತ್ತು. ಗಣಪತಿ ಹಬ್ಬದ ಊಟದ ಪಂಕ್ತಿಯಲ್ಲಿ ಯಾರೋ ಹೇಳಿದ್ದರು: ಕಲಿಯುವವರ ಹೆಸರು ಪಾಲಿಸಿಗೆ ಸೇರಿತೆಂದರೆ ನಿಮ್ಮ ರಿಯಾಯಿತಿ ಅಂದೇ ತೀರಿತು. ಆ ಮಾತು ಅವನ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ರೊಕ್ಕದ ಮಾತು ಅಷ್ಟೇ ಅಲ್ಲ. ಅವನಿಗೆ ಪದವಿಯಿಲ್ಲ, ಹುದ್ದೆಯಿಲ್ಲ. ಈ ದೇಶ ಅವನಿಗೆ 'ನೀನು ಒಳ್ಳೆಯವನು' ಎಂದು ಬರೆದು ಕೊಟ್ಟಿದ್ದು ಆ ಪತ್ರಗಳಲ್ಲಿ ಮಾತ್ರ.

"ಇಪ್ಪತ್ತೊಂದು ವರ್ಷದ ಹೆಸರು ಮಣ್ಣುಪಾಲು ಮಾಡ್ತಿ? ನಡಿ ಒಳಗ!"

"ನಾ ಒಳಗ ಅದೀನಿ. ಕೂಗೋರು ನೀವು ಬಾಗಿಲದಾಗ ನಿಂತೀರಿ."

ವಿಜಯಶ್ರೀ ಅಳಲಿಲ್ಲ, ಜಗಳವನ್ನೂ ಬೆಳೆಸಲಿಲ್ಲ. ಮೂರು ವಾರ, ದಿನಾ ಬೆಳಿಗ್ಗೆ ಚಹಾದ ಲೋಟ ಇಡುವಾಗ "ಇವತ್ತು?" ಅನ್ನುತ್ತಿದ್ದಳು. "ಬ್ಯಾಡ" ಅನ್ನುತ್ತಿದ್ದ. ಇಪ್ಪತ್ತೆರಡನೆಯ ದಿನ ಕೇಳಲಿಲ್ಲ. ಇನ್ಶೂರೆನ್ಸ್ ಏಜೆಂಟ್ ತಿರುಮಲೇಶನಿಗೆ ತಾನೇ ಫೋನ್ ಹಚ್ಚಿ, "ಭಾನುವಾರ ಹನ್ನೊಂದಕ್ಕ ಬರ್ತೀವ್ರಿ, ಇಬ್ಬರೂ" ಅಂದಳು.

ಶಿವರುದ್ರಪ್ಪ ಹೋದ. ಬಿಟ್ಟುಕೊಡಲಿಕ್ಕಲ್ಲ, ಏಜೆಂಟನ ಬಾಯಿಂದಲೇ ಇಲ್ಲ ಅನ್ನಿಸಲಿಕ್ಕೆ. ಸಾಕ್ಷಿಗೆಂದು ಈ ವರ್ಷದ ಪತ್ರವನ್ನು ಜಗಲಿಯಿಂದ ಇಳಿಸಿ ಜೇಬಿನಲ್ಲಿ ಇಟ್ಟುಕೊಂಡ.

ತಿರುಮಲೇಶ ಬೆಂಗಳೂರಿನ ಕಡೆಯವನು, ನಗುಮುಖದವನು. ಕಾಗದ ಬಿಚ್ಚಿ ನೋಡಿ, "ಸಾರ್, ಇದರ ಮೇಲೆ ಏನಿದು ಬಿಳೀದು?" ಅಂದ.

"ವಿಭೂತಿ. ಮುಟ್ಟಬ್ಯಾಡ್ರಿ."

"ಮುಟ್ಟದೆ ಹೇಗೆ ಸಾರ್ ಓದೋದು? ಮ್ಯಾಟರ್ ಎಲ್ಲಾ ಇದರ ಕೆಳಗೇ ಇದೆ." ತಿರುಮಲೇಶ ಕೈ ಮುಗಿದು, ಹೆಬ್ಬೆರಳಿನಿಂದ ಮೂರು ಪಟ್ಟೆಗಳನ್ನು ಮೆಲ್ಲಗೆ ಒರೆಸಿದ. ಅಡಿಯಿಂದ ನಾಲ್ಕು ಸಾಲು ಎದ್ದು ಬಂದವು. ಅವನು ಕನ್ನಡ ಮಾಡಿ ಹೇಳಿದ: "ಮನೇಲಿ ಯಾರಾದ್ರೂ ಪರ್ಮಿಟ್ ತಗೊಂಡ್ರೆ ನಮಗೆ ತಿಳಿಸಿ. ಹೆಸರು ಸೇರಿಸಿದ ಮಾತ್ರಕ್ಕೆ ನಿಮ್ಮ ರಿಯಾಯಿತಿ ಹೋಗಲ್ಲ. ಇದು ಪ್ರತಿ ವರ್ಷದ ಲೆಟರಲ್ಲೂ ಇದೆ ಸಾರ್."

ವಿಜಯಶ್ರೀ ಗಂಡನ ಕಡೆ ತಿರುಗಿದಳು. "ಇಪ್ಪತ್ತೊಂದು ವರ್ಷ ಇದರ ಮ್ಯಾಲೇ ಬಳದೀರಿ?"

ಶಿವರುದ್ರಪ್ಪ ಗೋಡೆಯ ಕ್ಯಾಲೆಂಡರ್ ನೋಡತೊಡಗಿದ.

"ಸುಳ್ಳು ಹೇಳಲ್ಲ," ಅಂದ ತಿರುಮಲೇಶ. "ಮೇಡಂಗೆ ಲೈಸೆನ್ಸ್ ಬಂದ್ಮೇಲೆ ಪ್ರೀಮಿಯಮ್ಮು ಒಂಚೂರು ಏರುತ್ತೆ. ಕಲಿಯೋವಾಗ ಎಲ್ಲಾದ್ರೂ ಗುದ್ದಿದ್ರೆ ಅದು ನಿಮ್ಮ ಪಾಲಿಸಿ ಮೇಲೇ ಬರುತ್ತೆ. ಹುಷಾರಾಗಿ ಕಲಿಸಿ."

"ಕೇಳಿದ್ಯಾ? ಗುದ್ದಿದ್ರ!" ಅಂತ ಶಿವರುದ್ರಪ್ಪ ಮತ್ತೆ ಚೇತರಿಸಿಕೊಂಡ. ಆದರೂ ರಿಯಾಯಿತಿ ಹೋಗದೆಂದ ಮೇಲೆ ತಕರಾರಿಗೆ ನೆಪ ಉಳಿದಿರಲಿಲ್ಲ; ಸಹಿ ಹಾಕಿದ.

ಆಫೀಸಿನ ಹಿಂದಿನ ಪಾರ್ಕಿಂಗು ಭಾನುವಾರವಾದ್ದರಿಂದ, ಒಂದೇ ಒಂದು ಕಾರು ಬಿಟ್ಟರೆ, ಬಯಲು ಬಯಲಾಗಿತ್ತು. ವಿಜಯಶ್ರೀ ಪರ್ಸಿನಿಂದ ನಾಲ್ಕು ನಿಂಬೆಹಣ್ಣು ತೆಗೆದು ವ್ಯಾನಿನ ನಾಲ್ಕು ಗಾಲಿಗೂ ಒಂದೊಂದು ಇಟ್ಟಳು. ಮನೆಯಿಂದಲೇ ತಂದಿದ್ದಳು, ಗಟ್ಟಿಗಿತ್ತಿ! ಚಪ್ಪಲಿ ಕಳಚಿ ಸ್ಟೀರಿಂಗಿಗೆ ನಮಸ್ಕಾರ ಮಾಡಿದಳು. ಗಂಡ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ನಿಂಬೆಹಣ್ಣು ಪಚಪಚನೆ ಒಡೆದವು. ವ್ಯಾನು ಎರಡು ಸುತ್ತು ಹಾಕಿತು. ಬಂದು ಎರಡು ಬಿಳಿ ಗೆರೆಗಳ ನಡುವೆ, ಅಳೆದು ಇಟ್ಟಂತೆ ನಿಂತಿತು.

ಮೆಚ್ಚಬೇಕಿತ್ತು. ಆದರೆ ಶಿವರುದ್ರಪ್ಪ ಎರಡು ಸುತ್ತೂ "ಬ್ರೇಕ್! ಬ್ರೇಕ್!" ಎಂದು ಕೂಗಿ ಗಂಟಲು ಕಟ್ಟಿಸಿಕೊಂಡಿದ್ದ.

"ಕನ್ನಡಿ ನೋಡಿದ್ಯಾ? ಎಡಕ್ಕ ಗಾಡಿ ಐತೋ, ನೀರಾನೆ ಐತೋ, ನೋಡಿದ್ಯಾ? ನಾ ನಡ್ಕೊಂತ ಹೋಗ್ತೀನಿ!" ಎಂದವನೇ ತನ್ನ ಕಡೆಯ ಬಾಗಿಲನ್ನು ಧಡಾರನೆ ತಳ್ಳಿದ.

ಟಪ್!

ಪಕ್ಕದಲ್ಲಿ ನಿಂತಿದ್ದು ತಿರುಮಲೇಶನ ಹೊಸ ಕಾರು. ಹೊಸದೆಂದರೆ ಎರಡು ವಾರದ್ದು. ತಿರುಮಲೇಶ ಹಿಂಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ.

ಬೇರೆಯವನಾಗಿದ್ದರೆ ಹೆಂಡತಿಯ ಮೇಲೆ ಹಾಕುತ್ತಿದ್ದ, ಗಾಳಿಯ ಮೇಲೆ ಹಾಕುತ್ತಿದ್ದ. ಶಿವರುದ್ರಪ್ಪ ಇಳಿದು ನೆಟ್ಟಗೆ ನಿಂತ. "ತಪ್ಪು ನಂದು. ಆಕಿ ಗಾಡಿ ನಿಂದ್ರಿಸಿದ್ಳು, ಛಂದ ನಿಂದ್ರಿಸಿದ್ಳು. ಬರಕೋರಿ ಕ್ಲೇಮು."

ಅವನಿಗೇ ತಿಳಿಯದೆ ಹೊಗಳಿಕೆ ಹೊರಗೆ ಬಿದ್ದಿತ್ತು. ವಿಜಯಶ್ರೀ ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡಳು, ನಗು ತಡೆಯಲಿಕ್ಕೆ.

ತಿರುಮಲೇಶ ಬಗ್ಗಿ ನೋಡಿ, ಕಾರಿನ ಮೇಲಿನ ಕಪ್ಪು ಗುರುತನ್ನು ಅದೇ ಹೆಬ್ಬೆರಳಿನಿಂದ ಉಜ್ಜಿದ. ಗುರುತು ಹೋಯಿತು, ಜೋಳದ ಕಾಳಿನಷ್ಟು ತಗ್ಗು ಉಳಿಯಿತು, ಜೊತೆಗೆ ಒಂದಿಷ್ಟು ವಿಭೂತಿ. "ಸಾರ್, ಇದಕ್ಕೆಲ್ಲಾ ಕ್ಲೇಮು ಬರೆದ್ರೆ ಆಫೀಸಲ್ಲಿ ನನ್ನ ನೋಡಿ ನಗ್ತಾರೆ. ಕಾರಿನ ಪೂಜೆ ಬಾಕಿ ಇತ್ತು, ಅದೂ ಆಯ್ತು. ಒಂದು ಡಜನ್ ರೊಟ್ಟಿ, ಶೇಂಗಾ ಚಟ್ನಿ ಕೊಟ್ಬಿಡಿ. ಆದ್ರೆ ಒಂದು ಕಂಡಿಷನ್. ಡೆಲಿವರಿಗೆ ಮೇಡಮ್ಮೇ ಬರಬೇಕು, ನೀವು ಬಾಯಿ ಮುಚ್ಕೊಂಡು ಪಕ್ಕ ಕೂತಿರಬೇಕು."

ಮುಂದಿನ ಭಾನುವಾರ ಹಾಗೆಯೇ ಆಯಿತು.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ವಿಜಯಶ್ರೀ ಡ್ಯಾನ್‌ವಿಲ್‌ಗೆ ವ್ಯಾನು ಹೊಡೆದಳು. ಪಕ್ಕದಲ್ಲಿ ಶಿವರುದ್ರಪ್ಪ, ತೊಡೆಯ ಮೇಲೆ ಬಿಸಿ ರೊಟ್ಟಿಯ ಗಂಟು, ಬಾಯಲ್ಲಿ ಲವಂಗ. ಬಾಯಿ ಸುಮ್ಮನಿರಲೆಂದು ಅವಳೇ ಕೊಟ್ಟದ್ದು. ಹಳದಿ ಗುಡ್ಡಗಳ ನಡುವೆ ದೊಡ್ಡ ಲಾರಿಯೊಂದು ಅಡ್ಡ ನುಗ್ಗಿತು. ವಿಜಯಶ್ರೀ ಮೆತ್ತಗೆ ಬ್ರೇಕ್ ಒತ್ತಿ, ಗಾಜು ಏರಿಸಿ, ಆ ಲಾರಿಯವನ ಏಳು ತಲೆಮಾರನ್ನು ಒಂದೂ ಬಿಡದೆ ಬೈದಳು.

ಶಿವರುದ್ರಪ್ಪ ಲವಂಗ ನುಂಗಿಬಿಟ್ಟ. "ಎಂಟನೇದು ಬಿಟ್ಟಿ," ಅಂದ.

ಇಪ್ಪತ್ತೆರಡನೆಯ ಪತ್ರ ಬಂದಾಗ ಅದರಲ್ಲಿ ಎರಡು ಹೆಸರಿದ್ದವು, ಕೆಳಗೆ ರಿಯಾಯಿತಿಯೂ ಇತ್ತು. ಅವನು ಸ್ನಾನ ಮಾಡಿ ಬಂದು, ಹೆಂಡತಿಯಿಂದ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಓದಿಸಿದ. ಆಮೇಲೆ ಕಾಗದವನ್ನು ಮಗುಚಿ, ಬೆನ್ನಿಗೆ ವಿಭೂತಿ ಎಳೆದ.